ಪಾಲು ಕೇಳೋಕೆ ಬಂದಿದ್ದಲ್ಲ, ಫೋಟೋ ತೋರಿಸೋಕೆ

ಊರಿಗೆ ಹೋಗಿ "ನಮ್ಮ ವಂಶವೃಕ್ಷ ಬರೀಬೇಕು" ಅಂತ ಹೇಳಿ ನೋಡಿ. "ಯಾಕಪ್ಪಾ, ಪಾಲು ಕೇಳೋ ಯೋಚನೆ ಇದ್ಯಾ?" ಅನ್ನುವ ಪ್ರಶ್ನೆ ಮೊದಲು ಬರುತ್ತದೆ. ಅವರದ್ದೇನೂ ತಪ್ಪಿಲ್ಲ. ನಮ್ಮಲ್ಲಿ ವಂಶವೃಕ್ಷ ಬೇಕಾಗುವುದೇ ಪೌತಿ ಖಾತೆಗೆ, ಅಂದರೆ ಸತ್ತವರ ಜಮೀನು ವಾರಸುದಾರರ ಹೆಸರಿಗೆ ಮಾಡಿಸೋಕೆ, ಇಲ್ಲವೇ ಕೋರ್ಟಿಗೆ. ಅದಕ್ಕೇ ನಾನು ಕಾಗದಪತ್ರದ ಸುದ್ದಿ ಎತ್ತಲಿಲ್ಲ. ತಿಪಟೂರು ಕಡೆಯ ನಮ್ಮ ಹಳೇ ಮನೆಯ ಗೋಡೆಯಿಂದ ಒಂದು ಮದುವೆ ಗ್ರೂಪ್ ಫೋಟೋ ಇಳಿಸಿಕೊಂಡು ಹೊರಟೆ. ಫೋಟೋ ಕೈಗೆ ಕೊಟ್ಟರೆ ಪಾಲಿನ ಮಾತು ಮರೆತೇ ಹೋಗುತ್ತದೆ.

ಹೊರಡುವ ಮೊದಲೇ ಅದನ್ನು ಮೊಬೈಲಿನಲ್ಲಿ ತೆಗೆದುಕೊಂಡಿದ್ದೆ. ಕಿಟಕಿ ಪಕ್ಕದ ಬೆಳಕು, ಫ್ಲ್ಯಾಷ್ ಇಲ್ಲ. ಒಂದು ಮೂಲೆಯಲ್ಲಿ ಚಿತ್ರ ಗಾಜಿಗೆ ಅಂಟಿಕೊಂಡಿತ್ತು. ಹಾಗಿದ್ದರೆ ಕೀಳಬಾರದು, ಮುಖವೇ ಕಿತ್ತು ಬರುತ್ತದೆ. ಗಾಜಿನ ಸಮೇತ ತೆಗೆದೆ. ಹಿಂಬದಿಯದ್ದೂ ಒಂದು ತೆಗೆದುಕೊಳ್ಳಿ. ಸ್ಟುಡಿಯೋ ಮೊಹರು, ಯಾರೋ ಪೆನ್ಸಿಲಿನಲ್ಲಿ ಗೀಚಿದ ಹೆಸರು ಇರುವುದು ಅಲ್ಲೇ.

ಸೋದರತ್ತೆ ಮೊದಲು ಮುಖ ನೋಡುತ್ತಾರೆ ಅಂದುಕೊಂಡಿದ್ದೆ. ಅವರು ನೋಡಿದ್ದು ಸೊಂಟ. "ಈ ಡಾಬು ನೋಡು. ಇದು ನಮ್ಮಜ್ಜಿದು ಕಣೋ. ಆಮೇಲೆ ಚಿಕ್ಕಮ್ಮನ ಮದುವೇಲಿ ಕೊಟ್ರು." ಪಕ್ಕದಲ್ಲಿದ್ದ ದೊಡ್ಡಮ್ಮ ಒಪ್ಪಲಿಲ್ಲ. ಅಜ್ಜಿ ಮೂಗಿನ ಎರಡೂ ಕಡೆ ಚುಚ್ಚಿಸಿಕೊಂಡಿದ್ದರಂತೆ. ಫೋಟೋದವರಿಗೆ ಒಂದೇ ಕಡೆ ಮೂಗುಬಟ್ಟು ಇದೆ. ಚಿತ್ರ ದೊಡ್ಡದು ಮಾಡಿ ತೋರಿಸಿದೆ. ಇಬ್ಬರೂ ಕನ್ನಡಕ ಹಾಕಿಕೊಂಡು ಬಗ್ಗಿದರು. ಕೊನೆಗೆ ಅದು ಅಜ್ಜಿಯಲ್ಲ, ಅಜ್ಜಿಯ ತಂಗಿ, ಮದುವೆಗೆ ಡಾಬು ಎರವಲು ತೊಟ್ಟಿದ್ದಾಳೆ ಅಂತ ತೀರ್ಮಾನವಾಯಿತು. ಅಜ್ಜಿಗೆ ಒಬ್ಬ ತಂಗಿ ಇದ್ದಳು ಅನ್ನುವುದೇ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಇಂಥ ಮಾತುಕತೆಯಲ್ಲಿ "ಯಾವ ಇಸವಿ?" ಅಂತ ಕೇಳಿ ಪ್ರಯೋಜನವಿಲ್ಲ. "ಮಹಾರಾಜರು ತೀರಿಕೊಂಡಾಗ ನೀವೆಷ್ಟು ದೊಡ್ಡವರು?" ಅಂತ ಕೇಳಿ. ನಾಲ್ವಡಿಯವರು ತೀರಿಕೊಂಡದ್ದು 1940ರ ಆಗಸ್ಟಿನಲ್ಲಿ. ಅದಕ್ಕೂ ಹಿಂದಿನವರ ಲೆಕ್ಕಕ್ಕೆ ಪ್ಲೇಗಿಗೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿದ್ದು, ಜ್ವರದ ವರ್ಷ, ಧಾತು ಈಶ್ವರ ಬರ, ಇವೇ ಕ್ಯಾಲೆಂಡರ್. ಸಂವತ್ಸರದ ಹೆಸರು ಸಿಕ್ಕರಂತೂ ಕೆಲಸ ಸಲೀಸು. ಪ್ರಭವ ಅಂದರೆ 1867, 1927, 1987. ಅಲ್ಲಿಂದ ಎಣಿಸುತ್ತಾ ಹೋದರಾಯಿತು. ಧಾತು 1876ಕ್ಕೆ, ಈಶ್ವರ 1877ಕ್ಕೆ ಬರುತ್ತದೆ. ಅರವತ್ತು ವರ್ಷ ಹಿಂದಿನದೋ ಮುಂದಿನದೋ ಅನ್ನುವುದನ್ನು ಮಾತ್ರ ಬೇರೆ ಕಡೆಯಿಂದ ಗಟ್ಟಿ ಮಾಡಿಕೊಳ್ಳಬೇಕು.

ಇದು ಯಾಕೆ ಮುಖ್ಯ ಅಂದರೆ, ನಮ್ಮಲ್ಲಿ ಮೊಮ್ಮಗನಿಗೆ ತಾತನ ಹೆಸರೇ ಇಡುತ್ತಾರೆ. ಪತ್ರಗಳಲ್ಲಿ "ಬಿನ್" ಅಂದರೆ ಇಂಥವರ ಮಗ. ಒಂದು ಪತ್ರದಲ್ಲಿ ಇವನು ಬಿನ್ ಅವನು, ಇನ್ನೊಂದರಲ್ಲಿ ಅವನು ಬಿನ್ ಇವನು. ಇಸವಿ ಗೊತ್ತಿಲ್ಲದಿದ್ದರೆ ತಾತ ಯಾರು, ಮೊಮ್ಮಗ ಯಾರು ಅಂತ ತಲೆ ಕೆಡುತ್ತದೆ.

ಫೋಟೋ ನೋಡಿ ಮುಗಿದ ಮೇಲೆ ಅತ್ತೆಯೇ ಟ್ರಂಕು ತೆಗೆಸಿದರು. ಒಳಗೆ ಬಟ್ಟೆಯಲ್ಲಿ ಸುತ್ತಿದ ಕ್ರಯಪತ್ರಗಳು. ಅದರಲ್ಲಿ ಒಂದು ಕಾಳಯುಕ್ತಿ ಸಂವತ್ಸರದ ಮಾರ್ಗಶಿರದ್ದು. ಮುತ್ತಜ್ಜಿ ತನ್ನ ಮೈನರ್ ಮಗನ ಪರವಾಗಿ ಎರಡು ಎಕರೆ ಖುಷ್ಕಿ (ಮಳೆ ನಂಬಿದ ಜಮೀನು) ಮಾರಿದ್ದಾಳೆ. ಹೆಸರಿನ ಮುಂದೆ "ಕೋಂ" (ಅಂದರೆ ಇಂಥವರ ಹೆಂಡತಿ), ಅದರ ಮುಂದೆ ಗಂಡನ ಹೆಸರು, ಕೆಳಗೆ ಎಡಗೈ ಹೆಬ್ಬೆಟ್ಟು. ಕಾಳಯುಕ್ತಿ ಅಂದರೆ 1918. ಇನ್‌ಫ್ಲುಯೆಂಜಾ ಮೈಸೂರು ಸೀಮೆಯನ್ನು ಬಡಿದ ವರ್ಷ. ಮಾರ್ಗಶಿರದ ಹೊತ್ತಿಗೆ ಈಕೆ ವಿಧವೆ. ಅತ್ತೆ ಹೇಳುತ್ತಿದ್ದ "ಜ್ವರದ ವರ್ಷ" ಇದೇ. ನಮ್ಮ ಟ್ರಂಕಿನ ಕಾಗದಗಳಲ್ಲಿ ಹೆಂಗಸರ ಹೆಸರು ಬಂದಿರುವುದೆಲ್ಲ ಗಂಡ ಸತ್ತ ಮೇಲೆ, ಜಮೀನು ಮಾರುವಾಗ.

ಪತ್ರದಲ್ಲಿ ಜಾಸ್ತಿ ಜನ ಓದದೇ ಬಿಡುವುದು ಚೆಕ್ಕುಬಂದಿ. ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಓಣಿ ಅಂತ ಬರೆದಿರುತ್ತಾರಲ್ಲ, ಅದು. ಅಣ್ಣತಮ್ಮಂದಿರು ಪಾಲಾದರೆ ಜಮೀನು ಅಕ್ಕಪಕ್ಕವೇ ಇರುತ್ತದೆ. ಪೂರ್ವಕ್ಕೂ ಉತ್ತರಕ್ಕೂ ಇದ್ದವರಿಬ್ಬರಿಗೂ ಅಪ್ಪನ ಹೆಸರು ಒಂದೇ ಇತ್ತು. ಮುತ್ತಜ್ಜನ ಅಪ್ಪನದೂ ಅದೇ. ಯಾರೂ ಹೇಳದಿದ್ದ ಇಬ್ಬರು ಅಣ್ಣತಮ್ಮಂದಿರು ಹಾಗೆ ಸಿಕ್ಕರು. ಮನೆಯಲ್ಲಿ ಪತ್ರ ಇಲ್ಲದಿದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನಕಲಿಗೆ, ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಹಳೇ ಮ್ಯುಟೇಷನ್ (ಖಾತೆ ಬದಲಾವಣೆ) ರಿಜಿಸ್ಟರಿಗೆ ಅರ್ಜಿ ಹಾಕಬಹುದು. ಸರ್ವೆ ನಂಬರ್ ಕೈಯಲ್ಲಿರಲಿ, ಇಲ್ಲದಿದ್ದರೆ ಸುಮ್ನೆ ಅಲೆದಾಟ.

ಮುತ್ತಜ್ಜಿಯ ತವರು ಯಾವುದು ಅನ್ನುವುದು ಯಾವ ಕಾಗದದಲ್ಲೂ ಇರಲಿಲ್ಲ. ಅದು ಇದ್ದದ್ದು ಅಟ್ಟದ ಮೇಲೆ, ಒಂದು ತಾಮ್ರದ ಕೊಪ್ಪರಿಗೆಯ ಕಂಠದಲ್ಲಿ. ಮದುವೆಗೆ ಕೊಟ್ಟ ಪಾತ್ರೆಗೆ ಹೆಸರು ಹಾಕಿಸುವುದು ನಮ್ಮಲ್ಲಿ ಈಗಲೂ ಇದೆ ಅಲ್ವಾ? ಹುಣಸೆಹಣ್ಣು ಹಾಕಿ ತಿಕ್ಕಿದೆವು. ಚುಕ್ಕಿ ಚುಕ್ಕಿ ಹೊಡೆದ ಅಕ್ಷರ ಮೇಲೆ ಬಂತು. ಊರಿನ ಹೆಸರು, ಅವಳ ಅಪ್ಪನ ಹೆಸರು, ಆಮೇಲೆ ಅವಳದು. ಊರು ಅರಸೀಕೆರೆ ದಾರಿಯಲ್ಲೇ ಇದೆ. ಅಲ್ಲಿ ನಮ್ಮ ನೆಂಟರಿದ್ದಾರೆ ಅಂತ ಮನೆಯಲ್ಲಿ ಯಾರಿಗೂ ನೆನಪಿಲ್ಲ.

ಒಂದು ಜಗಳ ಮಾತ್ರ ಇನ್ನೂ ನಡೆಯುತ್ತಿದೆ. ತಮ್ಮನ ಮಗ ಗ್ರೂಪ್ ಫೋಟೋವನ್ನು ಆಪಿಗೆ ಹಾಕಿ ಬಣ್ಣ ತುಂಬಿಸಿದ. ಮಸುಕಾಗಿದ್ದ ಮುಖಗಳಿಗೆ ಕಣ್ಣು, ಹುಬ್ಬು ಎಲ್ಲಾ ಬಂತು. ಚೆನ್ನಾಗಿಯೇ ಇದೆ, ಆದರೆ ಆ ಕಣ್ಣು ನಮ್ಮವರದಲ್ಲ, ಆಪ್ ಊಹಿಸಿದ್ದು. ಮೂಗಿನ ಮೇಲಿದ್ದ ಒಂದೇ ಮೂಗುಬಟ್ಟು ಅಳಿಸಿಹೋಗಿದೆ! ಹಾಗಾಗಿ ಫ್ಯಾಮಿಲಿ ಗ್ರೂಪಿನಲ್ಲಿ ಮೂಲದ್ದನ್ನೇ ಹಾಕಿದ್ದೇನೆ, ಬಣ್ಣದ್ದು ಅವನ ಹತ್ತಿರವೇ ಇರಲಿ. ಈಗ ಬದುಕಿರುವವರ ಹುಟ್ಟಿದ ದಿನಾಂಕ, ಸರ್ವೆ ನಂಬರ್ ಗ್ರೂಪಿಗೆ ಹಾಕಿಲ್ಲ.

ಸುಗ್ಗಿ ಮುಗಿದ ಮೇಲೆ ಹೆಳವರು, ಅಂದರೆ ಮನೆಮನೆಗೆ ಬಂದು ವಂಶಾವಳಿ ಹೇಳುವವರು, ಬರಬೇಕು. ನಮ್ಮ ಮನೆತನದ ಹೆಸರುಗಳು ಅವರ ಪುಸ್ತಕದಲ್ಲಿವೆ, ಹಾಡಿನ ಧಾಟಿಯಲ್ಲಿ ಓದುತ್ತಾರೆ. ಚೆಕ್ಕುಬಂದಿಯಲ್ಲಿ ಸಿಕ್ಕ ಆ ಇಬ್ಬರ ಹೆಸರು ಅದರಲ್ಲಿದೆಯಾ ಅಂತ ಕೇಳಬೇಕು. ಅತ್ತೆ ಆಗಲೇ ಅವರಿಗೆ ಕೊಡಲು ರಾಗಿ ತೆಗೆದಿಟ್ಟಿದ್ದಾರೆ.