ಮಡಚುವ ಚಾಕುಗಳ ಫೋಟೋಗೆ ಫ್ಲ್ಯಾಶ್ ಬೇಡ, ಕಿಟಕಿ ಸಾಕು
ಹೊಳಪು ಕೊಟ್ಟ ಅಲಗು ಎಂದರೆ ಕನ್ನಡಿಯೇ. ಅದರ ಮೇಲೆ ಎಷ್ಟು ಬೆಳಕು ಬೀಳುತ್ತದೆ ಎನ್ನುವುದಕ್ಕಿಂತ ಅದರೊಳಗೆ ಏನು ಕಾಣುತ್ತದೆ ಎನ್ನುವುದು ಮುಖ್ಯ. ನನ್ನ ಮೊದಲ ಚಿತ್ರಗಳಲ್ಲಿ ಚಾಕುವಿಗಿಂತ ನನ್ನ ಮೂಗೇ ಸ್ಪಷ್ಟವಾಗಿತ್ತು!

ಈಗ ನೇರ ಬಿಸಿಲು ಬೀಳದ ಕಿಟಕಿಯ ಪಕ್ಕ ಮೇಜು ಹಾಕಿ, ಕಿಟಕಿಗೆ ತೆಳು ಬಿಳಿ ಪಂಚೆ ಕಟ್ಟುತ್ತೇನೆ. ಎದುರು ಬದಿಗೆ ಬಿಳಿ ರಟ್ಟು. ರಟ್ಟನ್ನು ನಿಧಾನವಾಗಿ ವಾಲಿಸುತ್ತಾ ಹೋದರೆ ಒಂದು ಕೋನದಲ್ಲಿ ಅಲಗು ಇಡಿಯಾಗಿ ಬೆಳ್ಳಗಾಗುತ್ತದೆ. ಅಲ್ಲಿಂದ ಕೂದಲೆಳೆಯಷ್ಟು ಹಿಂದಕ್ಕೆ ಸರಿಸಿ. ಆಗ ಫ್ರಾನ್ಸಿನ ಒಪಿನೆಲ್ ಕಂಪನಿಯ ಚಾಕುವಿನ ಅಲಗಿನ ಮೇಲಿರುವ ಕಿರೀಟ ತೊಟ್ಟ ಕೈಯ ಪುಟ್ಟ ಮುದ್ರೆಯೂ ಎದ್ದು ಕಾಣುತ್ತದೆ. ಅಂಚು ಹಿನ್ನೆಲೆಯಲ್ಲಿ ಕರಗಿಹೋಗುತ್ತಿದ್ದರೆ ಪಕ್ಕದಲ್ಲಿ ಕಪ್ಪು ಕಾಗದದ ಪಟ್ಟಿ ಹಿಡಿಯಿರಿ.

ಮೊಬೈಲಿನಲ್ಲಾದರೆ ತುಸು ದೂರ ನಿಂತು 2 ಪಟ್ಟು ಜೂಮ್ ಮಾಡಿ. ತೀರ ಹತ್ತಿರ ಹೋದರೆ ಹಿಡಿ ಉಬ್ಬಿದಂತೆ ಕಾಣುತ್ತದೆ. ಸ್ವಿಸ್ ಕಂಪನಿ ವಿಕ್ಟೋರಿನಾಕ್ಸ್‌ನ ಚಾಕುವಿನ ಕೆಂಪು ಹಿಡಿಗೆ ಎಕ್ಸ್‌ಪೋಷರ್ (ಚಿತ್ರದ ಬೆಳಕಿನ ಮಟ್ಟ) ಸ್ವಲ್ಪ ಇಳಿಸಿ, ಇಲ್ಲವಾದರೆ ಅದು ಬರೀ ಬಣ್ಣದ ಮುದ್ದೆ. ಗಾತ್ರ ತೋರಿಸಲು ಪಕ್ಕದಲ್ಲಿ ಸ್ಕೇಲ್ ಇಡಿ.

ಬೆರಳಚ್ಚು ಒರೆಸುವಾಗ ಬಟ್ಟೆಯನ್ನು ಅಲಗಿನ ಬೆನ್ನಿನಿಂದ ಅಂಚಿನತ್ತ ಎಳೆಯಿರಿ. ಹಳೆಯ ಕಾರ್ಬನ್ ಸ್ಟೀಲ್‌ನ ಬೂದು ಛಾಯೆಯನ್ನು ಮಾತ್ರ ದಯವಿಟ್ಟು ಉಜ್ಜಿ ತೆಗೆಯಬೇಡಿ. ಚಿತ್ರ ಮುಗಿದ ಮೇಲೆ ಅದಕ್ಕೊಂದು ಹನಿ ಎಣ್ಣೆ ಸವರಿ. ತುಕ್ಕಿಗೆ ಬೆರಳಿನ ಬೆವರೇ ಸಾಕು.