ಟ್ರಯಲ್ಸ್‌ಗೆ ಬಂದ ಹುಡುಗನ ಪೊಸಿಷನ್ ನಾನು ಕೇಳುವುದಿಲ್ಲ

ಜಯನಗರದ ಒಂದು ಕ್ಲಬ್‌ನಲ್ಲಿ ಅಂಡರ್-16 ಹುಡುಗರಿಗೆ ಬಾಸ್ಕೆಟ್‌ಬಾಲ್ ಹೇಳಿಕೊಡುತ್ತೇನೆ. ಟ್ರಯಲ್ಸ್ ದಿನ ಅಪ್ಪ ಅಮ್ಮಂದಿರು ಬಂದು ಮೊದಲು ಹೇಳುವುದೇ "ಸರ್, ನಮ್ಮ ಹುಡುಗ ಪಾಯಿಂಟ್ ಗಾರ್ಡ್" ಅಂತ. ಪಾಯಿಂಟ್ ಗಾರ್ಡ್ ಅಂದರೆ ಬಾಲ್ ಮುಂದೆ ತಂದು ಆಟ ನಡೆಸುವವನು. ಎತ್ತರ ಇದ್ದರೆ ಸೆಂಟರ್, ಅಂದರೆ ಬಾಸ್ಕೆಟ್ ಹತ್ತಿರ ಆಡುವವನು. ನಾನು ಅದನ್ನು ಬರೆದುಕೊಳ್ಳುವುದೇ ಇಲ್ಲ. ಅವನು ಎಂಥೆಂಥ ಆಟಗಾರರನ್ನು ತಡೆಯಬಲ್ಲ ಅನ್ನೋದು ಮೊದಲು ಗೊತ್ತಾಗಬೇಕು.

ಯಾಕೆ ಅಂದರೆ, ಬಾಲ್ ನಮ್ಮ ಕೈಯಲ್ಲಿದ್ದಾಗ ಯಾರು ಎಲ್ಲಿ ನಿಲ್ಲಬೇಕು ಅಂತ ನಾವೇ ತೀರ್ಮಾನ ಮಾಡಬಹುದು. ಡಿಫೆನ್ಸ್‌ನಲ್ಲಿ ಆ ತೀರ್ಮಾನ ಎದುರಿನ ಟೀಮಿನದು. ನಮ್ಮ ಐವರಲ್ಲಿ ಕಾಲು ನಿಧಾನ ಇರುವವನು ಯಾರು ಅಂತ ನೋಡಿಕೊಂಡು, ಅವನು ಕಾಯುತ್ತಿರುವ ಆಟಗಾರನನ್ನೇ ಸ್ಕ್ರೀನ್ ಹಾಕಲು, ಅಂದರೆ ನಮ್ಮ ಇನ್ನೊಬ್ಬ ಡಿಫೆಂಡರ್ ದಾರಿಗೆ ಅಡ್ಡ ನಿಲ್ಲಲು, ಕಳಿಸುತ್ತಾರೆ. ನಾವು ಸ್ವಿಚ್ ಮಾಡಿದ, ಅಂದರೆ ಕಾಯುವ ಆಟಗಾರರನ್ನು ಅದಲುಬದಲು ಮಾಡಿಕೊಂಡ ಕೂಡಲೇ ಅವರ ಚುರುಕಿನ ಗಾರ್ಡ್ ಎದುರು ನಮ್ಮ ನಿಧಾನದ ಹುಡುಗ ಒಬ್ಬನೇ ಸಿಕ್ಕಿಬೀಳುತ್ತಾನೆ.

ಅದಕ್ಕೆ ಟ್ರಯಲ್ಸ್‌ನಲ್ಲಿ ಪ್ರತಿ ಹುಡುಗನನ್ನೂ ಮೊದಲು ಕ್ಲಬ್‌ನ ಅತಿ ವೇಗದ ಹುಡುಗನ ಎದುರು ಒನ್ ಆನ್ ಒನ್ ನಿಲ್ಲಿಸುತ್ತೇನೆ, ಆಮೇಲೆ ಅತಿ ಗಟ್ಟಿ ಹುಡುಗನ ಎದುರು. ಸ್ಕೋರ್ ಆಯಿತಾ ಇಲ್ಲವಾ ಅನ್ನೋದು ಮುಖ್ಯ ಅಲ್ಲ. ವೇಗದವನ ಎದುರು ಸೊಂಟ ಕೆಳಗೇ ಇಟ್ಟುಕೊಂಡು ಪಕ್ಕಕ್ಕೆ ಜಾರುತ್ತಾನಾ, ಇಲ್ಲಾ ಎರಡನೇ ಹೆಜ್ಜೆಗೇ ತಿರುಗಿ ಹಿಂದೆ ಓಡುತ್ತಾನಾ? ಗಟ್ಟಿಯವನು ಎದೆಗೆ ತಳ್ಳಿದಾಗ ಜಾಗ ಬಿಡುತ್ತಾನಾ? ಶಾಟ್ ಬಿಟ್ಟ ಮೇಲೆ ಎದುರಿನವನನ್ನು ಬೆನ್ನಿನಿಂದ ತಡೆದು ಬಾಕ್ಸ್ ಔಟ್ ಮಾಡುತ್ತಾನಾ, ಸುಮ್ನೆ ಬಾಲ್ ನೋಡುತ್ತಾ ನಿಲ್ಲುತ್ತಾನಾ?

2012ರ ಎನ್‌ಬಿಎ ಡ್ರಾಫ್ಟ್ (ಅಮೆರಿಕದ ಲೀಗಿನ ಟೀಮುಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವುದು) ಬಗ್ಗೆ ಹುಡುಗರಿಗೆ ಆಗಾಗ ಹೇಳುತ್ತಿರುತ್ತೇನೆ. ಆ ವರ್ಷ ಮೊದಲನೆಯವನಾಗಿ ಹೋದ ಆಂಥನಿ ಡೇವಿಸ್ ಸ್ಕೂಲಿನಲ್ಲಿ ಗಾರ್ಡ್ ಆಗಿದ್ದ, ಆಮೇಲೆ ಉದ್ದ ಬೆಳೆದ, ಆದರೆ ಬಾಲ್ ಹಿಡಿತ ಕೈಬಿಡಲಿಲ್ಲ. ಡ್ರೇಮಂಡ್ ಗ್ರೀನ್ ಹೋಗಿದ್ದು 35ನೆಯವನಾಗಿ. 6 ಅಡಿ 6 ಇಂಚಿನ ಅವನನ್ನು ಫಾರ್ವರ್ಡ್ ಅನ್ನೋದಾ, ಸೆಂಟರ್ ಅನ್ನೋದಾ ಅಂತ ಆಗ ಅನುಮಾನ ಇತ್ತು. ಚಾಚಿದ ಕೈಗಳ ಅಳತೆ ಮಾತ್ರ 7 ಅಡಿಗಿಂತ ಜಾಸ್ತಿ. 2015ರ ಫೈನಲ್ಸ್‌ನಲ್ಲಿ ಅವನ ಟೀಮ್ ಗೋಲ್ಡನ್ ಸ್ಟೇಟ್ ಪಂದ್ಯಗಳಲ್ಲಿ 1-2 ಹಿಂದೆ ಇದ್ದಾಗ ಎತ್ತರದ ಸೆಂಟರ್ ಆಂಡ್ರ್ಯೂ ಬೋಗಟ್‌ನನ್ನು ಕೂರಿಸಿ ಅವನಿಗಿಂತ ಗಿಡ್ಡ, ಚುರುಕಾದ ಆಂದ್ರೆ ಇಗ್ವೊಡಾಲಾನನ್ನು ಇಳಿಸಿದರು, ಗ್ರೀನ್ ಸೆಂಟರ್ ಆದ. ಆ ನಾಲ್ಕನೇ ಪಂದ್ಯದಲ್ಲಿ ಕ್ಲೀವ್‌ಲ್ಯಾಂಡಿನ 7 ಅಡಿ ದಾಟಿದ ಮೊಜ್ಗೋವ್ 28 ಪಾಯಿಂಟ್ ಹೊಡೆದ. ಆದರೂ ಗೋಲ್ಡನ್ ಸ್ಟೇಟ್ 103-82ರಲ್ಲಿ ಗೆದ್ದಿತು! ಮುಂದಿನ ಪಂದ್ಯದಲ್ಲಿ ಮೊಜ್ಗೋವ್ ಆಡಿದ್ದೇ ಕಡಿಮೆ, ಈ ಓಟದ ಆಟಕ್ಕೆ ಹೊಂದಿಕೊಳ್ಳಲು ಕ್ಲೀವ್‌ಲ್ಯಾಂಡಿನವರೇ ಅವನನ್ನು ಬೆಂಚಿನಲ್ಲಿ ಕೂರಿಸಬೇಕಾಯಿತು.

ಟೀಮ್ ಕಟ್ಟುವಾಗ ಒಂದು ಹಾಳೆಯಲ್ಲಿ ಹುಡುಗರ ಹೆಸರು ಬರೆದು, ಎದುರಿಗೆ ಯಾರು ಎಂಥವರನ್ನು ಕಾಯಬಲ್ಲರು ಅಂತ ಗುರುತು ಹಾಕುತ್ತೇನೆ. ಅಂಗಳದಲ್ಲಿರುವ ಐವರಲ್ಲಿ ಇಬ್ಬರಾದರೂ ಪ್ರೆಸ್ (ಅಂಗಳದುದ್ದಕ್ಕೂ ಮೈಮೇಲೆ ಬೀಳುವ ಡಿಫೆನ್ಸ್) ದಾಟಿಸಿ ಬಾಲ್ ಮುಂದೆ ತರಬೇಕು. ಮೂವರಿಗಾದರೂ ದೂರದ ಶಾಟ್ ಇರಬೇಕು, ಇಲ್ಲದಿದ್ದರೆ ಎದುರಿನವರೆಲ್ಲಾ ಬಾಸ್ಕೆಟ್ ಕೆಳಗೇ ಗುಂಪಾಗುತ್ತಾರೆ. ಹಾಗಂತ ಎಲ್ಲರೂ ಎಲ್ಲಾ ಮಾಡಬೇಕು ಅಂತಿಲ್ಲ. ನನ್ನ ಹತ್ತಿರ ಶಾಟ್ ಮಾತ್ರ ಚೆನ್ನಾಗಿರುವ ಒಬ್ಬ ಹುಡುಗ ಇದ್ದಾನೆ, ಅವನ ಸುತ್ತ ಸ್ವಿಚ್ ಮಾಡಬಲ್ಲ ನಾಲ್ವರು ಇರುವಾಗ ಧೈರ್ಯವಾಗಿ ಇಳಿಸುತ್ತೇನೆ. ಅಂಥವರು ಇಬ್ಬರು ಒಟ್ಟಿಗೆ ಇಳಿದರೆ ಮಾತ್ರ ಡಿಫೆನ್ಸ್‌ನ ಕೊರತೆ ಮುಚ್ಚಿಕೊಳ್ಳಲು ಆಗುವುದಿಲ್ಲ.

ನನಗೆ ನಿಜವಾಗಿ ಬೇಜಾರಾಗೋದು ಎತ್ತರದ ಮಕ್ಕಳನ್ನು ನೋಡಿದಾಗ. ಹನ್ನೆರಡು ವರ್ಷಕ್ಕೇ ಅವರನ್ನು ಬಾಸ್ಕೆಟ್ ಕೆಳಗೆ ನಿಲ್ಲಿಸಿ "ಕೈ ಮೇಲೆತ್ತು" ಅಂತ ಹೇಳಿಬಿಡುತ್ತಾರೆ. ಇನ್ನೆರಡು ವರ್ಷಕ್ಕೆ ಉಳಿದವರೂ ಬೆಳೆಯುತ್ತಾರೆ ಅಲ್ವಾ? ಆಗ ಇವನಿಗೆ ಡ್ರಿಬಲ್ ಇಲ್ಲ, ಪಾಸ್ ಇಲ್ಲ, ಎತ್ತರದ ಅನುಕೂಲವೂ ಇಲ್ಲ. ಅದಕ್ಕೇ ನನ್ನ ಪ್ರಾಕ್ಟೀಸ್‌ನಲ್ಲಿ ರೀಬೌಂಡ್ (ಗುರಿ ತಪ್ಪಿ ಮರಳಿ ಬಂದ ಬಾಲ್) ಹಿಡಿದವನೇ ಬಾಲ್ ಡ್ರಿಬಲ್ ಮಾಡಿಕೊಂಡು ಆ ತುದಿಗೆ ಹೋಗಬೇಕು. ಅವನು ಎಷ್ಟೇ ಉದ್ದ ಇರಲಿ, ಗಾರ್ಡ್‌ಗೆ ಕೊಟ್ಟು ಕೈತೊಳೆದುಕೊಳ್ಳುವ ಹಾಗಿಲ್ಲ.