ಪೆಟ್ಟಿಗೆ ಎಲ್ಲಿ ನಿಂತಿದೆ? ಹೊರದೇಶದ ಸ್ಪೇರ್ ಪಾರ್ಟ್ಸ್ ತರಿಸುವವರಿಗೆ

ಹಳೆಯ ಪಜೆರೊದ 2.8 ಲೀಟರ್ 4ಎಂ40 ಎಂಜಿನ್ನಿನ ಕೆಲವು ಭಾಗಗಳು ಬೆಂಗಳೂರಿನ ಜೆ.ಸಿ. ರಸ್ತೆಯನ್ನೆಲ್ಲ ಸುತ್ತಿದರೂ ಸಿಗುವುದಿಲ್ಲ. ಜಪಾನಿನಿಂದಲೋ ದುಬೈನಿಂದಲೋ ತರಿಸಬೇಕು. ದುಡ್ಡು ಕಟ್ಟಿಯಾಗಿದೆ, ಗಾಡಿ ಗ್ಯಾರೇಜಿನಲ್ಲಿ ಬಿಚ್ಚಿಕೊಂಡು ಬಿದ್ದಿದೆ, ಟ್ರ್ಯಾಕಿಂಗ್ ಮಾತ್ರ ಮುಂದಕ್ಕೆ ಹೋಗುತ್ತಿಲ್ಲ ಎಂದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ಆದರೆ ಕೊರಿಯರ್‌ನವರ ಮೇಲೆ ರೇಗುವ ಮೊದಲು ಪೆಟ್ಟಿಗೆ ನಿಜವಾಗಿ ಹೊರಟಿದೆಯೇ ಎಂದು ನೋಡಿ. ನಾನು ಕಂಡಂತೆ ತಡದ ದೊಡ್ಡ ಪಾಲು ಆಗುವುದು ಮಾರುವವರ ಕಡೆಯೇ.

ಲೇಬಲ್ ಅಚ್ಚಾದ ಕೂಡಲೇ ಟ್ರ್ಯಾಕಿಂಗ್ ನಂಬರ್ ಹುಟ್ಟುತ್ತದೆ. ಅಂಚೆಯಲ್ಲಾದರೆ ಅದು 13 ಅಕ್ಷರ-ಅಂಕಿಗಳದ್ದು, ಜಪಾನಿನದಾದರೆ ಕೊನೆಗೆ ‘ಜೆಪಿ’ ಇರುತ್ತದೆ. ಅಂಚೆಯವರು ಸ್ವೀಕರಿಸಿದ ದಾಖಲೆ ಬರುವವರೆಗೆ ಆ ನಂಬರಿಗೆ ಅರ್ಥವಿಲ್ಲ. ಹತ್ತು ಐಟಂ ಆರ್ಡರ್ ಮಾಡಿದಾಗ ಒಂದು ‘ಬ್ಯಾಕ್ ಆರ್ಡರ್’ (ಸ್ಟಾಕ್ ಇಲ್ಲ, ಬಂದಮೇಲೆ ಕೊಡುತ್ತೇವೆ) ಆದರೆ ಉಳಿದ ಒಂಬತ್ತೂ ಅದಕ್ಕಾಗಿ ಕಾಯುತ್ತವೆ. ಸಿಕ್ಕಿದ್ದನ್ನು ಮೊದಲು ಕಳಿಸಿ ಎಂದು ನಾನು ಆರ್ಡರ್ ಹಾಕುವಾಗಲೇ ಬರೆಯುತ್ತೇನೆ. ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗೆ, ಆಗಸ್ಟ್ ಮಧ್ಯದಲ್ಲಿ, ಹೊಸ ವರ್ಷದ ಹೊತ್ತಿಗೆ ಜಪಾನಿನಲ್ಲಿ ಸಾಲು ರಜೆ. ಆಗ ಉತ್ತರ ಬರುವುದೂ ನಿಧಾನ.

ಡಿಕ್ಕಿ ಬಾಗಿಲನ್ನು ಎತ್ತಿ ಹಿಡಿಯುವ ಗ್ಯಾಸ್ ಸ್ಟ್ರಟ್ (ಒತ್ತಿದ ಅನಿಲ ತುಂಬಿದ ಕೊಳವೆ), ಏರ್‌ಬ್ಯಾಗ್, ಬ್ಯಾಟರಿ ಇವುಗಳನ್ನು ಬೇರೆ ಸಾಮಾನಿನ ಜೊತೆ ಸೇರಿಸಲೇಬೇಡಿ. ವಿಮಾನದಲ್ಲಿ ಇವು ಅಪಾಯಕಾರಿ ಸರಕಿನ ನಿಯಮಕ್ಕೆ ಸಿಕ್ಕಿಬೀಳುತ್ತವೆ. ಒಂದು ಸ್ಟ್ರಟ್‌ಗಾಗಿ ಬ್ರೇಕ್ ಪ್ಯಾಡ್‌ಗಳೂ ಸೇರಿ ಇಡೀ ಪೆಟ್ಟಿಗೆ ವಾಪಸ್ ಹೋಗಬಹುದು. ಬಳಸಿದ ಭಾಗಗಳನ್ನೂ ತರಿಸಬೇಡಿ. ಅವುಗಳ ಆಮದಿಗೆ ನಿರ್ಬಂಧವಿದೆ, ಪರವಾನಗಿ ಕೇಳುತ್ತಾರೆ. ದೊಡ್ಡ ಪೆಟ್ಟಿಗೆಗೆ ತೂಕಕ್ಕಿಂತ ಗಾತ್ರವೇ ದುಬಾರಿ: 80×60×20 ಸೆಂ.ಮೀ. ರೇಡಿಯೇಟರ್ ಪೆಟ್ಟಿಗೆಯ ಮೂರೂ ಅಳತೆಗಳನ್ನು ಗುಣಿಸಿ, 5000ದಿಂದ ಭಾಗಿಸಿ 19.2 ಕೆ.ಜಿ. ಎಂದು ಲೆಕ್ಕ ಹಾಕುತ್ತಾರೆ.

ಇಲ್ಲಿಗೆ ಬಂದಮೇಲೆ ಕಸ್ಟಮ್ಸ್. ಇನ್‌ವಾಯ್ಸ್‌ನಲ್ಲಿ ಬರೀ ‘ಆಟೋ ಪಾರ್ಟ್ಸ್’ ಎಂದಿದ್ದರೆ ಪ್ರಶ್ನೆ ಬಂದೇ ಬರುತ್ತದೆ. ಭಾಗದ ಹೆಸರು, ನಂಬರ್, ಒಂದೊಂದರ ಬೆಲೆ, ‘ಹೊಸದು’ ಎಂಬ ಮಾತು, ಇಷ್ಟೂ ಇರಬೇಕು. ‘ಗಿಫ್ಟ್’ ಎಂದು ಬರೆಸಿ ಬೆಲೆ ಇಳಿಸುವುದು ಬೇಡ, ಪಾವತಿಯ ಪುರಾವೆ ಕೇಳಿದರೆ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತೀರಿ. ಸುಂಕ ಬೀಳುವುದು ಸಾಮಾನಿನ ಬೆಲೆಯ ಮೇಲಷ್ಟೇ ಅಲ್ಲ, ಸಾಗಣೆ ಮತ್ತು ವಿಮೆಯೂ ಸೇರಿದ ಮೊತ್ತದ ಮೇಲೆ. ಕೊರಿಯರ್ ಆದರೆ ಕೆವೈಸಿ ಇಮೇಲ್ ಸ್ಪ್ಯಾಮ್‌ಗೆ ಬಿದ್ದಿದೆಯೇ ಎಂದು ದಿನಾ ನೋಡಿ. ಆಧಾರ್‌ನಲ್ಲಿರುವ ಹೆಸರೇ ಆರ್ಡರ್‌ನಲ್ಲೂ ಇರಲಿ. ಉತ್ತರ ತಡವಾದರೆ ಗೋದಾಮಿನ ಬಾಡಿಗೆ ಏರುತ್ತದೆ.

ದುಬೈ ಹತ್ತಿರ, ಬೇಗ ಬರುತ್ತದೆ, ನಿಜ. ಆದರೆ ಅಲ್ಲಿನ ಗಾಡಿಗಳದ್ದು ಎಡಗಡೆ ಸ್ಟೀರಿಂಗ್. ವಾಟರ್ ಪಂಪ್ ತರಿಸಬಹುದು. ಸ್ಟೀರಿಂಗ್ ಭಾಗ, ವೈಪರ್ ಲಿಂಕ್, ಹೆಡ್‌ಲೈಟ್ ತರಿಸಿದರೆ ಕೂರುವುದೇ ಇಲ್ಲ, ಕೂತರೂ ಬೆಳಕು ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಚಾಸಿಸ್ ನಂಬರ್ ಕೊಟ್ಟು ಖಚಿತಪಡಿಸಿಕೊಳ್ಳಿ.

ಪಂಪಿನ ಜೊತೆಗೇ ಗ್ಯಾಸ್ಕೆಟ್, ಥರ್ಮೋಸ್ಟಾಟ್, ಓ-ರಿಂಗ್‌ಗಳನ್ನೂ ಆರ್ಡರ್ ಮಾಡಿ. ಗಾಡಿ ಇನ್ನೂ ಓಡುವಂತಿದ್ದರೆ ಎಲ್ಲವೂ ಕೈಗೆ ಬಂದು ನಂಬರ್ ತಾಳೆಯಾಗುವವರೆಗೆ ಒಂದು ಬೋಲ್ಟನ್ನೂ ಬಿಚ್ಚಿಸಬೇಡಿ. ಮಾರುವವರು ‘ಇನ್ನೊಂದು ವಾರ’ ಎನ್ನುತ್ತಲೇ ಇದ್ದರೆ ಕಾರ್ಡ್ ಡಿಸ್ಪ್ಯೂಟ್‌ನ (ಕಾರ್ಡಿನಲ್ಲಿ ಕಟ್ಟಿದ ದುಡ್ಡು ವಾಪಸ್ ಕೇಳಿ ಬ್ಯಾಂಕಿಗೆ ಕೊಡುವ ದೂರು) ಕೊನೆಯ ದಿನಾಂಕವನ್ನು ಬ್ಯಾಂಕಿನಲ್ಲಿ ಕೇಳಿಟ್ಟುಕೊಂಡು, ಅದಕ್ಕೆ ಮೊದಲೇ ದೂರು ಹಾಕಿ.